ಅಮ್ಮಮ್ಮನ ಪುಸ್ತಕದಲ್ಲಿ ಅಡುಗೆ, ಔಷಧ ಕಲಸಿಕೊಂಡಿವೆ. ನಕಲು ಮಾಡುವಾಗ ಬೇರ್ಪಡಿಸಬೇಕೇ?

ಪ್ರಶ್ನೆ (ಶಿರಸಿಯಿಂದ):
ಎಲ್ಲರಿಗೂ ನಮಸ್ಕಾರ. ಅಟ್ಟವನ್ನು ಸ್ವಚ್ಛ ಮಾಡುವಾಗ ಅಮ್ಮಮ್ಮನ ಕೈಬರಹದ ಪುಸ್ತಕವೊಂದು ಸಿಕ್ಕಿತು. ಒಂದೆಲಗದ ತಂಬುಳಿಯ ಕೆಳಗೇ ಮಕ್ಕಳ ಕೆಮ್ಮಿನ ಕಷಾಯ, ಅದರ ಬೆನ್ನಿಗೆ ಅಪ್ಪೆಮಿಡಿಯ ಉಪ್ಪಿನಕಾಯಿ, ಮತ್ತೆ ಬಾಣಂತಿಯ ಲೇಹ್ಯ, ಹೀಗೆ ಬರೆದಿದ್ದಾರೆ. ಕೆಲವೆಡೆ ಅಂಚಿನಲ್ಲಿ ‘ದೊಡ್ಡತ್ತಿಗೆ ಹೇಳಿದ್ದು, ಎರಡು ಸಲ ಮಾಡಿದೆ’ ಎಂದಿದೆ. ಮಸಿ ಮಾಸುತ್ತಿರುವುದರಿಂದ ನಕಲು ಮಾಡತೊಡಗಿದ್ದೇನೆ. ಅಡುಗೆಯನ್ನೂ ಔಷಧವನ್ನೂ ಬೇರೆ ಬೇರೆ ಮಾಡಿದರೆ ಓದುವವರಿಗೆ ಅನುಕೂಲವಲ್ಲವೇ?

ಉತ್ತರ (ಕಾರವಾರದಿಂದ):
ದಯವಿಟ್ಟು ಬೇರ್ಪಡಿಸಬೇಡಿ. 17ನೆಯ ಶತಮಾನದ ಇಂಗ್ಲೆಂಡಿನ ಮನೆಗಳಲ್ಲಿಯೂ ಹೆಂಗಸರು ಇಂಥ ಪುಸ್ತಕಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಕೆಲವರು ಒಂದು ತುದಿಯಿಂದ ಅಡುಗೆಯನ್ನೂ, ಪುಸ್ತಕವನ್ನು ತಿರುಗಿಸಿ ಇನ್ನೊಂದು ತುದಿಯಿಂದ ಔಷಧವನ್ನೂ ಬರೆದರೆ, ಉಳಿದವರು ಕೇಳಿ ತಿಳಿದ ಕ್ರಮದಲ್ಲಿಯೇ ಬರೆಯುತ್ತ ಹೋದರು. ತಾಯಿಯಿಂದ ಮಗಳಿಗೆ ಬಂದ ಪುಸ್ತಕದಲ್ಲಿ ನಡುವೆ ಅಕ್ಷರ ಬದಲಾಗುತ್ತದೆ, ಹೇಳಿಕೊಟ್ಟವರ ಹೆಸರು ಪಕ್ಕದಲ್ಲಿರುತ್ತದೆ, ಗುಣ ಕಂಡ ಮದ್ದಿನ ಮುಂದೆ ‘ಪ್ರೊಬಾಟುಮ್ ಎಸ್ಟ್’, ಅಂದರೆ ‘ಪರೀಕ್ಷಿಸಿ ನೋಡಿದ್ದು’ ಎಂಬ ಲ್ಯಾಟಿನ್ ಮಾತಿರುತ್ತದೆ. ನಿಮ್ಮ ಅಮ್ಮಮ್ಮ ಬರೆದ ‘ಎರಡು ಸಲ ಮಾಡಿದೆ’ ಎಂಬುದೂ ಅದೇ. ಕ್ರಮವನ್ನು ಬದಲಿಸಿದರೆ ಯಾವುದನ್ನು ಯಾವಾಗ, ಯಾರಿಂದ ಕಲಿತರೆಂಬ ಸುಳಿವೇ ಹೋಗಿಬಿಡುತ್ತದೆ. (ಆ ಇಂಗ್ಲಿಷ್ ಅಡುಗೆಗಳಲ್ಲಿ ಕಾಳುಮೆಣಸು ಮತ್ತೆ ಮತ್ತೆ ಬರುತ್ತದೆ, ಅದನ್ನು ಕೊಳ್ಳಲು ಇಂಗ್ಲಿಷರು ಅದೇ ಶತಮಾನದಲ್ಲಿ ನಮ್ಮ ಕಾರವಾರದಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದರೆಂಬುದು ನನಗೆ ಬಹಳ ಹತ್ತಿರದ ಸಂಗತಿ.)

ಉತ್ತರ (ಕುಮಟಾದಿಂದ):
ಮೇಲಿನ ಮಾತಿಗೆ ನನ್ನ ಸಹಮತವಿದೆ. ಅಳತೆಗಳ ವಿಷಯದಲ್ಲಿ ಮಾತ್ರ ಇನ್ನೂ ಜಾಗ್ರತೆ ಬೇಕು. ತೊಲೆಯೆಂದರೆ ಸುಮಾರು 11.66 ಗ್ರಾಂ, ಸೇರು ಮಾತ್ರ ಊರಿಂದ ಊರಿಗೆ ಬೇರೆಯಾಗುತ್ತಿದ್ದುದರಿಂದ ಮೂಲದ ಪದವನ್ನು ಅಳಿಸಿ ಗ್ರಾಂ ಬರೆಯಬೇಡಿ. ಔಷಧದಲ್ಲಿ ‘ಗುಂಜಿ’ ಎಂದಿದ್ದರೆ ಅದು ತೂಕ, ಒಂದು ಗುಂಜಿಗೆ ಸುಮಾರು 0.12 ಗ್ರಾಂ. ಅದನ್ನು ಗುಲಗಂಜಿ ಬೀಜವೆಂದೇ ತಿಳಿದು ಯಾರಾದರೂ ಅರೆದು ಹಾಕಿದರೆ ಪ್ರಾಣಕ್ಕೇ ಅಪಾಯ, ಏಕೆಂದರೆ ಆ ಬೀಜ ಕಡು ವಿಷ.

ಪ್ರಶ್ನೆ ಕೇಳಿದವರು:
ಇದನ್ನು ಓದಿದ ಕೂಡಲೇ ಪುಸ್ತಕ ತೆಗೆದು ನೋಡಿದೆ. ಲೇಹ್ಯದ ಪುಟದಲ್ಲಿ ‘ಕೇಸರಿ, ಗುಂಜಿ 3’ ಎಂದಿದೆ. ನಾನು ಅವೆರಡನ್ನೂ ಬೇರೆ ಬೇರೆ ಸಾಮಾನುಗಳೆಂದು ನಕಲಿನಲ್ಲಿ ಎರಡು ಸಾಲಾಗಿ ಬರೆದಿದ್ದೆ. ಆ ಹಾಳೆಯನ್ನು ಹರಿದು, ಮೊದಲಿನಿಂದ ಪುಟಕ್ಕೆ ಪುಟ ಇದ್ದಂತೆಯೇ ಬರೆಯುತ್ತಿದ್ದೇನೆ. ಅಪ್ಪೆಮಿಡಿಯ ಪುಟದಲ್ಲಿ ಎಣ್ಣೆ ಇಳಿದು ಎರಡು ಸಾಲು ಓದಲು ಬರುತ್ತಿಲ್ಲ. ಅಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೇನೆ.