ಕಸದ ಚೀಲದಲ್ಲಿದ್ದ ಹುಡುಗಿ

[ಕುಟುಂಬದ ಗುಂಪು: ದೊಡ್ಡಮನೆ. ರಾತ್ರಿ 8:52, ವೀಣಾ ಒಂದು ವಿಡಿಯೊ ಹಂಚಿಕೊಂಡಿದ್ದಾಳೆ.]

ವೀಣಾ: ‘ಮದರ್’ ಎಂಬ ಜಪಾನಿ ಧಾರಾವಾಹಿಯ ತುಣುಕು ಇದು. 2010ರಲ್ಲಿ ನಿಪ್ಪಾನ್ ಟೀವಿಯಲ್ಲಿ ಬಂದದ್ದು, ಇರುವುದು 11 ಕಂತು. ಮನೆಯಲ್ಲಿ ಹಿಂಸೆ ಅನುಭವಿಸುವ ಒಬ್ಬ ಪುಟ್ಟ ಹುಡುಗಿ, ಅವಳನ್ನು ಕರೆದುಕೊಂಡು ಓಡಿಹೋಗುವ ಅವಳ ಟೀಚರ್ ನಾಓ, ಇವರ ಕಥೆ. ದಯವಿಟ್ಟು ನೋಡಿ.

ಶಾರದಾ ಅತ್ತೆ: ಅರ್ಧಕ್ಕೇ ನಿಲ್ಲಿಸಿದೆ. ಹೆತ್ತ ಮಗುವನ್ನು ಕಸದ ಚೀಲದಲ್ಲಿ ಕಟ್ಟಿ ಆ ಚಳಿಯಲ್ಲಿ ಹೊರಗೆ ಇಡುವುದೇ? ತಾಯಿ ಎಂಬ ಮಾತಿಗೇ ಅವಮಾನ. ಊಟದ ಹೊತ್ತಿಗೆ ಇಂಥದ್ದನ್ನು ಹಾಕಬೇಡ ಮಾರಾಯ್ತಿ.

ರಘು ಚಿಕ್ಕಪ್ಪ: ನನ್ನ ತಕರಾರು ಬೇರೆ. ಆ ಟೀಚರ್ ಮಗುವನ್ನು ಕದ್ದುಕೊಂಡು ಊರು ಬಿಡುತ್ತಾಳೆ. ಅದು ಅಪಹರಣ. ಅದನ್ನು ಕರುಣೆ ಎಂದು ತೋರಿಸಿದರೆ ನೋಡುವವರು ಏನು ಕಲಿಯಬೇಕು?

ವೀಣಾ: ಚಿಕ್ಕಪ್ಪ, ಧಾರಾವಾಹಿಯೂ ಅದನ್ನು ಅಪಹರಣವೆಂದೇ ಕರೆಯುತ್ತದೆ. ನಾಓಳನ್ನು ಪೊಲೀಸರು ಬಂಧಿಸುತ್ತಾರೆ, ನ್ಯಾಯಾಲಯ ತಪ್ಪಿತಸ್ಥಳೆಂದು ಹೇಳುತ್ತದೆ. ಆಮೇಲೆ ಒಂದು ದಿನ ಆ ಮಗು ಫೋನ್ ಮಾಡಿ, ‘ಅಮ್ಮಾ, ಇನ್ನೊಂದು ಸಲ ನನ್ನನ್ನು ಅಪಹರಿಸು’ ಎನ್ನುತ್ತದೆ. ಏಳು ವರ್ಷದ ಮಗುವಿನ ಬಾಯಲ್ಲಿ ಅಂಥ ಮಾತು ಬರುವಂತೆ ಮಾಡಿದವರು ಯಾರು? ನಾಓ ಒಬ್ಬಳೇ ಅಲ್ಲವಲ್ಲ.

ವೀಣಾ: ಅತ್ತೆ, ಆ ತಾಯಿಯ ಕಥೆಗೂ ಅದರಲ್ಲಿ ಜಾಗ ಇದೆ. ಗಂಡ ತೀರಿಹೋಗಿ, ಒಬ್ಬಳೇ ದುಡಿದು ಮಗುವನ್ನು ಮುದ್ದಾಗಿಯೇ ಸಾಕಿದವಳು ಹಂತಹಂತವಾಗಿ ಹೇಗೆ ಕುಸಿದಳು ಎಂದು ತೋರಿಸಿದ್ದಾರೆ. ಅವಳನ್ನು ಕ್ಷಮಿಸಿ ಎಂದು ಎಲ್ಲಿಯೂ ಕೇಳಿಲ್ಲ.

ರಘು ಚಿಕ್ಕಪ್ಪ: ಒಪ್ಪಿದೆ. ಆದರೆ ಈಗ ಮಗುವಿಗೆ ಒಂದು ಏಟು ಕೊಟ್ಟರೂ ದೌರ್ಜನ್ಯ ಎನ್ನುತ್ತಾರೆ. ನಾವು ಅಪ್ಪನ ಕೈಯಲ್ಲಿ ಏಟು ತಿಂದೇ ಬೆಳೆದೆವು. ಕೆಟ್ಟೆವೇ?

ಅರುಣ (ಯೊಕೊಹಾಮಾ): ಚಿಕ್ಕಪ್ಪ, ಇಲ್ಲಿಯೂ ಹೊಡೆದವರು ‘ಶಿತ್ಸುಕೆ’ ಎನ್ನುತ್ತಿದ್ದರು, ಅಂದರೆ ಶಿಸ್ತು ಕಲಿಸುವುದು. ಆ ನೆಪ ನಡೆಯಬಾರದೆಂದು 2020ರ ಏಪ್ರಿಲ್‌ನಿಂದ ಹೆತ್ತವರೂ ಮಕ್ಕಳನ್ನು ಹೊಡೆಯುವಂತಿಲ್ಲ ಎಂಬ ಕಾನೂನು ಜಾರಿಯಾಯಿತು. ಮಕ್ಕಳನ್ನು ದಂಡಿಸುವ ಹಕ್ಕು ಹೆತ್ತವರಿಗೆ ಇದೆ ಎನ್ನುತ್ತಿದ್ದ ಮಾತನ್ನು 2022ರಲ್ಲಿ ನಾಗರಿಕ ಸಂಹಿತೆಯಿಂದಲೇ ತೆಗೆದರು. ಅನುಮಾನ ಬಂದರೆ ಯಾರು ಬೇಕಾದರೂ ಸಹಾಯವಾಣಿ 189ಕ್ಕೆ ಕರೆ ಮಾಡಬಹುದು. ಆ ಅಂಕಿಗಳನ್ನು ‘ಇಚಿಹಾಯಾಕು’ ಎಂದು ಓದುತ್ತಾರೆ, ಅಂದರೆ ‘ತಡಮಾಡದೆ’.

ಶಾರದಾ ಅತ್ತೆ: ನಮ್ಮಲ್ಲಿ 1098 ಇದೆಯಲ್ಲ. ಅಂಗನವಾಡಿಯ ಗೋಡೆಯ ಮೇಲೆ ಬರೆದಿರುತ್ತಾರೆ.

ವೀಣಾ: ಇದೆ ಅತ್ತೆ. ನಾನು ಕರೆ ಮಾಡಲಿಲ್ಲ. ಮೂರು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಸ್ವೆಟರ್ ತೆಗೆಯುತ್ತಿರಲಿಲ್ಲ. ಕೇಳಿದೆ, ‘ಬಿದ್ದೆ ಮಿಸ್’ ಎಂದ. ನಂಬಿದೆ, ಏಕೆಂದರೆ ನಂಬುವುದು ಸುಲಭವಾಗಿತ್ತು. ಜೂನ್‌ನಲ್ಲಿ ಅವನು ಶಾಲೆಗೆ ಮರಳಲಿಲ್ಲ. ಈ ಧಾರಾವಾಹಿಯನ್ನು ನಾನು ಸುಮ್ಮನೆ ಹಂಚಿಕೊಂಡದ್ದಲ್ಲ.

[9:31ರವರೆಗೆ ಯಾರೂ ಏನೂ ಬರೆದಿಲ್ಲ.]

ರಘು ಚಿಕ್ಕಪ್ಪ: ವೀಣಾ, ಇದನ್ನು ನಮಗೆ ಯಾಕಮ್ಮ ಹೇಳಿರಲಿಲ್ಲ?

ವೀಣಾ: ಹೇಳಲು ನಾಚಿಕೆಯಾಗಿತ್ತು ಚಿಕ್ಕಪ್ಪ. ನಾಓ ಮಕ್ಕಳನ್ನು ಕಂಡರೆ ಮುದ್ದು ಮಾಡುವವಳಲ್ಲ, ಟೀಚರ್ ಆಗುವ ಮೊದಲು ವಲಸೆ ಹಕ್ಕಿಗಳ ಸಂಶೋಧಕಿಯಾಗಿದ್ದವಳು. ಅವಳನ್ನೂ ಚಿಕ್ಕಂದಿನಲ್ಲಿ ತಾಯಿ ಬಿಟ್ಟುಹೋಗಿರುತ್ತಾಳೆ. ಆ ಹುಡುಗಿ ತನಗೆ ಇಷ್ಟವಾದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ: ತಿರುಗುವ ಕುರ್ಚಿ, ಬಾಗಿದ ಏರುದಾರಿ. ನೋವಾದಾಗ ಅವುಗಳನ್ನೇ ನೆನೆಯುತ್ತಾಳೆ. ನಾಓ ಮಾಡುವ ದೊಡ್ಡ ಉಪಕಾರ ಓಡಿಹೋದದ್ದಲ್ಲ. ಆ ಪಟ್ಟಿಯನ್ನು ಕಿವಿಗೊಟ್ಟು ಕೇಳುತ್ತಾಳೆ, ಮಗು ಹೇಳಿದ್ದನ್ನು ನಂಬುತ್ತಾಳೆ. ಮಗುವಿನ ಮುಖ ಅರಳುವುದು ಅಲ್ಲಿಂದ. ಆ ಹುಡುಗನಿಗೆ ಏನು ಇಷ್ಟ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಶಾರದಾ ಅತ್ತೆ: ಉಳಿದ ಅರ್ಧವನ್ನೂ ನೋಡುತ್ತೇನೆ ಮಗಳೇ.

ರಘು ಚಿಕ್ಕಪ್ಪ: ಕೊನೆಗೆ ಆ ಮಗು ಯಾರ ಹತ್ತಿರ ಇರುತ್ತದೆ?

ವೀಣಾ: ಯಾರ ಹತ್ತಿರವೂ ಇಲ್ಲ. ತನ್ನ ಊರು ಮುರೊರಾನ್‌ನ ಮಕ್ಕಳ ಆಶ್ರಯಧಾಮದಲ್ಲಿ ಇರುತ್ತದೆ. ನಾಓ ತಾನೇ ಅಲ್ಲಿಗೆ ಹಿಂತಿರುಗಿಸುತ್ತಾಳೆ. ಇಪ್ಪತ್ತು ತುಂಬಿದ ಮೇಲೆ ಓದು ಎಂದು ಒಂದು ಪತ್ರ ಕೊಡುತ್ತಾಳೆ.

ರಘು ಚಿಕ್ಕಪ್ಪ: ಏಳರಿಂದ ಇಪ್ಪತ್ತು. ಹದಿಮೂರು ವರ್ಷ.

ವೀಣಾ: ಹೌದು ಚಿಕ್ಕಪ್ಪ.

ರಘು ಚಿಕ್ಕಪ್ಪ: ಆ ಹುಡುಗ ಯಾವ ಊರಿನವನು? ನಾಳೆ ಬೆಳಿಗ್ಗೆ ಫೋನ್ ಮಾಡು, ಇಲ್ಲಿ ಬೇಡ.