ಪದಚರ್ಚೆ: ಶುಗರ್ ಗ್ಲೈಡರನ್ನು ಪಳಗಿಸುವುದೋ, ಒಗ್ಗಿಸುವುದೋ?

ಬಳಗದ ಮಿತ್ರರೆ,

ಶುಗರ್ ಗ್ಲೈಡರ್ ದತ್ತು ಪಡೆದವರಿಗಾಗಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಪ್ರಾಣಿಯ ಹೆಸರನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ಮರದಿಂದ ಮರಕ್ಕೆ ತೇಲಿ ಹೋಗುತ್ತದೆಂದು ಇದನ್ನು ‘ಹಾರುವ ಅಳಿಲು’ ಎನ್ನುವಂತಿಲ್ಲ. ಇದು ಅಳಿಲಿನ ಬಳಗದ್ದಲ್ಲ, ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ ಆಸ್ಟ್ರೇಲಿಯಾದ ಜೀವಿ. ನನಗೆ ತೊಡಕಾಗಿರುವುದು ಕ್ರಿಯಾಪದ. ಹೊಸದಾಗಿ ಬಂದ ಪ್ರಾಣಿಗೆ ನಮ್ಮ ಮೇಲೆ ನಂಬಿಕೆ ಬರುವಂತೆ ಮಾಡುವ ಕೆಲಸಕ್ಕೆ ಏನೆನ್ನಬೇಕು?

ತಟ್ಟನೆ ಹೊಳೆಯುವುದು ‘ಪಳಗಿಸು’. ಆನೆಗೆ, ಕುದುರೆಗೆ ಅದು ಸರಿಯೇ. ಆದರೆ ಆ ಪದದಲ್ಲಿ ಪಳಗಿಸುವವನ ಕೈಯೇ ಮೇಲು. ಇಲ್ಲಿ ಕೈ ಮೇಲಾದರೆ ಕೆಲಸವೇ ಕೆಡುತ್ತದೆ, ಅಕ್ಷರಶಃ. ನೂರು-ನೂರೈವತ್ತು ಗ್ರಾಂ ತೂಗುವ ಈ ಪ್ರಾಣಿಯನ್ನು ಕಾಡಿನಲ್ಲಿ ಗೂಬೆ ಮೇಲಿನಿಂದ ಎರಗಿ ಹಿಡಿಯುತ್ತದೆ. ಹಾಗಾಗಿ ಮೇಲಿನಿಂದ ಇಳಿದು ಬರುವ ಕೈ ಎಷ್ಟೇ ಪ್ರೀತಿಯದಾದರೂ ಅದಕ್ಕೆ ಗಂಡಾಂತರವೇ. ಅಂಗೈಯನ್ನು ಕೆಳಗಿನಿಂದ ಚಾಚಿ, ಅದಾಗಿಯೇ ಹತ್ತಲಿ ಎಂದು ಕಾಯಬೇಕು.

‘ಒಗ್ಗಿಸು’ ಇದಕ್ಕಿಂತ ವಾಸಿ ಎನ್ನಿಸುತ್ತದೆ. ನೀರು ಒಗ್ಗುವುದು, ಹವೆ ಒಗ್ಗುವುದು ಎನ್ನುತ್ತೇವಲ್ಲ, ಅಲ್ಲಿ ಬಲವಂತವಿಲ್ಲ. ಇವು ಗುಂಪಿನಲ್ಲಿ ಬಾಳುವ ಪ್ರಾಣಿಗಳು, ತಮ್ಮವರನ್ನು ಗುರುತಿಸುವುದು ವಾಸನೆಯಿಂದ. ಗಂಡು ತನ್ನ ಹಣೆಯ ಗ್ರಂಥಿಯನ್ನು ಜೊತೆಯವರ ಮೈಗೆ ಉಜ್ಜುತ್ತದೆ. ಆದ್ದರಿಂದ ಮೊದಲ ಕೆಲವು ದಿನ ಮುಟ್ಟುವ ಗೋಜಿಗೆ ಹೋಗದೆ, ಸಾಕುವವರು ತಾವು ತೊಟ್ಟು ಬಿಟ್ಟ ಬಟ್ಟೆಯ ತುಂಡನ್ನು ಅದು ಮಲಗುವ ಚೀಲದೊಳಗೆ ಇಡುತ್ತಾರೆ. (ನೂಲು ಬಿಡುವ ಬಟ್ಟೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ.) ಆಮೇಲೆ, ಹಗಲಲ್ಲಿ ಅದು ನಿದ್ದೆಯಲ್ಲಿರುವಾಗ ಚೀಲವನ್ನು ಎದೆಗೆ ಕಟ್ಟಿಕೊಂಡು ಓಡಾಡುತ್ತಾರೆ. ಇದು ವಾಸನೆಗೆ ಒಗ್ಗಿಸುವುದು, ಸಂದೇಹವಿಲ್ಲ.

ಆದರೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದು ತಾನಾಗಿ ಹೆಗಲಿಗೆ ಹಾರಿ ಬರುತ್ತದಲ್ಲ, ಅದು ಬರೀ ಒಗ್ಗುವುದಲ್ಲ. ಮಗು ಅಜ್ಜಿಯನ್ನು ಹಚ್ಚಿಕೊಂಡಿದೆ ಎನ್ನುವಾಗಿನ ‘ಹಚ್ಚಿಕೊಳ್ಳು’ ಅಲ್ಲಿಗೆ ಒಪ್ಪುತ್ತದೆ. ಗಮನಿಸಿ, ಈ ಅರ್ಥದಲ್ಲಿ ಅದಕ್ಕೆ ಪ್ರೇರಣಾರ್ಥಕ ರೂಪ ಬಳಕೆಯಲ್ಲಿಲ್ಲ. ಒಬ್ಬರನ್ನು ಇನ್ನೊಬ್ಬರು ‘ಹಚ್ಚಿಕೊಳ್ಳಿಸಲು’ ಬರುವುದಿಲ್ಲ! ವ್ಯಾಕರಣಕ್ಕೆ ಇದು ಕೊರತೆಯೋ ಏನೋ, ನನ್ನ ಕೈಪಿಡಿಗೆ ವರವೇ ಸರಿ. ‘ಸಲುಗೆ’ಯನ್ನೂ ಯೋಚಿಸಿದೆ; ಅದರಲ್ಲಿ ಅತಿಯಾಯಿತು ಎಂಬ ಛಾಯೆ ಇಣುಕುತ್ತದೆ. ‘ವಿಶ್ವಾಸ ಗಳಿಸು’ ತಪ್ಪಲ್ಲ, ಆದರೆ ಚುನಾವಣೆಯ ಭಾಷಣದಂತೆ ಕೇಳಿಸುತ್ತದೆ.

ಹಾಗಾಗಿ ಮೊದಲ ಹಂತಕ್ಕೆ ಒಗ್ಗಿಸು, ಕೊನೆಯದಕ್ಕೆ ಹಚ್ಚಿಕೊಳ್ಳು ಎಂದು ಇಟ್ಟುಕೊಂಡಿದ್ದೇನೆ. ನಡುವಿನ ಹಂತಕ್ಕೆ, ಅಂದರೆ ಬೆರಳ ತುದಿಯ ಮೊಸರನ್ನು ನೆಕ್ಕಿ, ಮರುಕ್ಷಣವೇ ಮೂಲೆಗೆ ಓಡುವ ಆ ಅರೆನಂಬಿಕೆಗೆ, ನಿಮ್ಮ ಕಡೆ ಏನಾದರೂ ಮಾತಿದೆಯೇ? ದನ ಕಟ್ಟಿದವರ, ನಾಯಿ ಸಾಕಿದವರ ನುಡಿಯಲ್ಲಿ ಇದ್ದೇ ಇರಬೇಕು.

ಇನ್ನೊಂದು ಪ್ರಶ್ನೆ. ಹೆದರಿದಾಗ ಇದು ಹಿಂಗಾಲ ಮೇಲೆ ನಿಂತು, ಮೈಗೆ ಮೀರಿದ ದೊಡ್ಡ ಸದ್ದು ಮಾಡುತ್ತದೆ: ಒರಟಾದ ಕರ್ರ್ ಕರ್ರ್, ಏರುತ್ತ ಇಳಿಯುತ್ತ. ಆಗ ಕೈಯನ್ನು ಸರಕ್ಕನೆ ಎಳೆದುಕೊಂಡರೆ, ಸದ್ದು ಮಾಡಿದರೆ ಶತ್ರು ಓಡುತ್ತಾನೆಂದು ಅದು ಕಲಿತುಬಿಡುತ್ತದೆ. ಆದ್ದರಿಂದ ಓದುಗರು ಈ ಸದ್ದನ್ನು ಪದದಿಂದಲೇ ಗುರುತಿಸುವಂತಿರಬೇಕು. ‘ಬುಸುಗುಟ್ಟು’ ಹಾವಿನದಾಯಿತು, ‘ಗುರುಗುಟ್ಟು’ ನಾಯಿಯದು. ‘ಕರಗುಟ್ಟು’ ಎಂದು ಬರೆದರೆ ನಿಮ್ಮ ಕಿವಿಗೆ ಸಹಜವೆನ್ನಿಸುತ್ತದೆಯೇ, ಅಥವಾ ‘ಕರ್ರೆನ್ನು’ ಸಾಕೇ?