ಅಪ್‌ಡೇಟ್: ಸಂಘಕ್ಕೆ ಸೇರಿದೆ, ಈಗ ನಾವು ಒಂಬತ್ತು ಜನ

ಹೋದ ತಿಂಗಳು ನಿಮ್ಮನ್ನು ಕೇಳಿದ್ದೆ: ತೀರ್ಥಹಳ್ಳಿ ಕಡೆಯ ಖಾಸಗಿ ಶಾಲೆಯಲ್ಲಿ ಕ್ಲರ್ಕ್ ಆಗಿದ್ದೇನೆ, ನೌಕರರ ಸಂಘ ಸೇರಿದರೆ ಕೆಲಸ ಹೋಗುತ್ತಾ ಅಂತ. ಧೈರ್ಯ ತುಂಬಿದ ಎಲ್ಲರಿಗೂ ಥ್ಯಾಂಕ್ಸ್.

ಸೇರಿದೆ. ಕೆಲಸ ಹೋಗಿಲ್ಲ. ಭಾನುವಾರ ಶಿವಮೊಗ್ಗಕ್ಕೆ ಹೋಗಿ ಸದಸ್ಯತ್ವದ ರಸೀದಿ ತಂದೆ. ಮಳೆಗೆ ನೆನೆಯಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೆ. ಮರುದಿನ ಊಟದ ಹೊತ್ತಲ್ಲಿ ನಮ್ಮ ಆಯಾ ಅಕ್ಕನಿಗೆ ತೋರಿಸಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಎರಡು ಸಲ ಓದಿ, "ನನ್ನ ಹೆಸರೂ ಬರೆಸು ತಮ್ಮಾ" ಅಂದರು. 14 ವರ್ಷ ದುಡಿದವರು. ಈಗ ವ್ಯಾನ್ ಡ್ರೈವರ್‌ಗಳೂ ಸೇರಿ ಒಂಬತ್ತು ಜನ.

ನೀವು ಹೇಳಿದ್ದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಗ್ರಾಚ್ಯುಟಿ ವಿಷಯ, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಇಡುಗಂಟು. ನಮಗೆ ಅದು ಸಿಗಲ್ಲ ಅಂತ ಟೀಚರ್‌ಗಳೇ ನಂಬಿದ್ದರು. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅವರಿಗೂ ಹಕ್ಕು ಕೊಟ್ಟಿದೆ ಅಂತ ತೋರಿಸಿದ ಮೇಲೆ ಇಬ್ಬರು ಬಂದು ಫಾರಂ ಕೇಳಿದರು. ಎಷ್ಟು ಖುಷಿಯಾಯ್ತು ಗೊತ್ತಾ!

ಆಡಳಿತ ಮಂಡಳಿ ಇನ್ನೂ ಮಾತಿಗೆ ಕರೆದಿಲ್ಲ. ತಿಂಗಳು ತಿಂಗಳು ಸಂಬಳದ ಚೀಟಿ ಕೊಡಿ ಅಂತ ಮನವಿ ಬರೆದಿದ್ದೇವೆ. ಒಬ್ಬರದೇ ಹೆಸರು ಮೇಲೆ ಬರಬಾರದು ಅಲ್ವಾ, ಅದಕ್ಕೆ ಸಹಿಗಳನ್ನು ಒಂದರ ಕೆಳಗೊಂದು ಹಾಕದೆ ವೃತ್ತದ ಹಾಗೆ ಸುತ್ತ ಹಾಕಿದೆವು. ಸೋಮವಾರ ಎಲ್ಲರೂ ಒಟ್ಟಿಗೆ ಹೋಗಿ ಕೊಡುತ್ತೇವೆ. ನಮ್ಮ ಪ್ರತಿಗೆ ಸೀಲ್ ಹಾಕಿಸದೆ ಬರಲ್ಲ.